ಒಂದೇ ಕ್ಯಾಲ್ಸಿಯಂ, ಅಂಗಕ್ಕೊಂದು ಕೆಲಸ

ಹೈದರಾಬಾದಿನ ನಮ್ಮ ಕನ್ನಡ ಬಾಂಧವರೊಬ್ಬರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಈಚೆಗೆ ಒಂದು ಸಂಶಯವನ್ನು ಮುಂದಿಟ್ಟರು. ರಕ್ತದೊತ್ತಡಕ್ಕೆಂದು ಅವರು ಸೇವಿಸುತ್ತಿದ್ದ ಆಮ್ಲೋಡಿಪಿನ್ ಮಾತ್ರೆಯು ಕ್ಯಾಲ್ಸಿಯಮನ್ನು ತಡೆಯುವ ವರ್ಗಕ್ಕೆ ಸೇರಿದ್ದೆಂದು ಯಾರೋ ಹೇಳಿದರಂತೆ. "ಮೂಳೆ ಸವೆದುಹೋದರೆ ಗತಿಯೇನು?" ಎಂದು ಹೆದರಿ ಮಾತ್ರೆಯನ್ನು ನಿಲ್ಲಿಸಿಯೇ ಬಿಟ್ಟಿದ್ದರು. ಆದಕಾರಣ ಈ ವಿಷಯವನ್ನು ಕೊಂಚ ವಿವರಿಸುವುದು ಉಚಿತವೆನಿಸಿತು.

ನಮ್ಮ ಶರೀರದಲ್ಲಿರುವ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಮಿನಲ್ಲಿ ಶೇಕಡಾ 99 ಭಾಗ ಮೂಳೆ ಹಲ್ಲುಗಳಲ್ಲಿದೆ. ಇಲ್ಲಿ ಪ್ರಸ್ತುತವಾದುದು ಉಳಿದ ಅತ್ಯಲ್ಪ ಭಾಗ. ವಿಶ್ರಾಂತಿಯಲ್ಲಿರುವ ಜೀವಕೋಶದೊಳಗೆ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ ಕ್ಯಾಲ್ಸಿಯಂ ಇರುತ್ತದೆ. ಆ ಪ್ರಮಾಣ ಕ್ಷಣಕಾಲ ಏರಿದರೆ ಅದೇ ಒಂದು ಅಪ್ಪಣೆ. ಅದನ್ನು ಜಾರಿಗೆ ತರುವವುಗಳಲ್ಲಿ ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳು ಮುಖ್ಯವಾದವು. ಇವು ಎ.ಟಿ.ಪಿ.ಯಿಂದ ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸಿ ಅದರ ನಡೆಯನ್ನೇ ಬದಲಿಸುತ್ತವೆ. (1929ರಲ್ಲಿ ಫಿಸ್ಕ್ ಅವರೊಡನೆ ಎ.ಟಿ.ಪಿ.ಯನ್ನು ಸ್ನಾಯುವಿನಲ್ಲಿ ಗುರುತಿಸಿದವರು ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದನ್ನು ತೆಲುಗು ನಾಡಿನ ಉಪ್ಪುಂಡ ನಾವು ಮರೆಯಲಾಗದು.)

ಅಪ್ಪಣೆ ಒಂದೇ, ಪಾಲಿಸುವ ಕೈನೇಸ್ ಮಾತ್ರ ಅಂಗದಿಂದ ಅಂಗಕ್ಕೆ ಬೇರೆ. ಕೈಕಾಲುಗಳ ಸ್ನಾಯುವಿನಲ್ಲಿ ಫಾಸ್ಫಾರಿಲೇಸ್ ಕೈನೇಸ್ ಎಚ್ಚೆತ್ತು, ಕೂಡಿಟ್ಟ ಗ್ಲೈಕೋಜನ್ ಒಡೆದು ದುಡಿಮೆಗೆ ಇಂಧನ ಒದಗುವಂತೆ ಮಾಡುತ್ತದೆ. ಯಕೃತ್ತಿನಲ್ಲಿಯೂ ಅದೇ ಹೆಸರಿನ ಕಿಣ್ವವಿದೆ. ಆದರೆ ಅದರ ಕೆಲವು ಘಟಕಗಳು ಬೇರೆ ಜೀನುಗಳಿಂದ ರೂಪುಗೊಂಡವು. ಯಕೃತ್ತಿನ ಒಂದು ಘಟಕದ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಅದು ಕೆಟ್ಟಾಗ, ಬಹುಮಟ್ಟಿಗೆ ಗಂಡುಮಕ್ಕಳಲ್ಲಿ, ಯಕೃತ್ತು ದೊಡ್ಡದಾಗಿ ಹೊಟ್ಟೆ ಮುಂದೆ ಬರುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಕೈಕಾಲುಗಳ ಸ್ನಾಯು ಸಾಮಾನ್ಯವಾಗಿ ಬಾಧೆಗೊಳ್ಳುವುದಿಲ್ಲ. ಎರಡೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಮೆದುಳಿನಲ್ಲಿ ಹೇರಳವಾಗಿರುವ ಇನ್ನೊಂದು ಕೈನೇಸ್, ಕ್ಯಾಲ್ಸಿಯಂ ಇಳಿದ ಮೇಲೂ, ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಂಡು ಕೆಲಕಾಲ ಎಚ್ಚರವಾಗಿರುತ್ತದೆ. ನೆನಪು ಮೂಡುವುದರಲ್ಲಿ ಇದರ ಪಾತ್ರವಿದೆ.

ಇನ್ನು ನಮ್ಮ ಹಿರಿಯರ ಪ್ರಶ್ನೆಗೆ ಬರೋಣ. ರಕ್ತನಾಳದ ಗೋಡೆಯ ಅನೈಚ್ಛಿಕ ಸ್ನಾಯುವಿನಲ್ಲಿ ಕ್ಯಾಲ್ಸಿಯಂ, ಕಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನೊಡನೆ ಕೂಡಿ, ಮಯೋಸಿನ್ನಿಗೆ ಸಂಬಂಧಿಸಿದ ಕೈನೇಸನ್ನು ಎಬ್ಬಿಸುತ್ತದೆ. ಆಗ ನಾಳ ಬಿಗಿದುಕೊಂಡು ಒತ್ತಡ ಏರುತ್ತದೆ. ಕೋಶದೊಳಕ್ಕೆ ನುಗ್ಗುವ ಈ ಕ್ಯಾಲ್ಸಿಯಮಿನ ಬಾಗಿಲನ್ನು ಆಮ್ಲೋಡಿಪಿನ್ ಓರೆಮಾಡುತ್ತದೆ, ಅಷ್ಟೇ. ಕೈಕಾಲುಗಳ ಸ್ನಾಯುವಾದರೋ ತನ್ನೊಳಗಿನ ಉಗ್ರಾಣದಿಂದಲೇ ಕ್ಯಾಲ್ಸಿಯಂ ಪಡೆಯುವುದರಿಂದ ನಡಿಗೆಗೆ, ಹೊರೆ ಎತ್ತುವುದಕ್ಕೆ ಅಡ್ಡಿಯಿಲ್ಲ. ಮೂಳೆಯ ಗಂಟಿಗೆ ಈ ಮಾತ್ರೆ ಕೈಹಾಕುವುದಿಲ್ಲ. ಕೆಲವರಿಗೆ ಪಾದ ಊದುವುದುಂಟು. ಅದು ಸಣ್ಣ ನಾಳಗಳು ಹಿಗ್ಗಿದುದರ ಫಲ. ಅದನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ಮಾತ್ರೆಯನ್ನು ತಾನಾಗಿ ಬಿಡಬಾರದು.

ಮೂಳೆಯ ಚಿಂತೆಗೆ ಉತ್ತರ ಊಟದಲ್ಲಿದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು 2020ರ ಶಿಫಾರಸು. ಇದೇ ಊರಿನ ತಾರ್ನಾಕಾದ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಇದೆ. ನಮ್ಮ ಹಿರಿಯರು ವೈದ್ಯರನ್ನು ಕಂಡು ಮಾತ್ರೆಯನ್ನು ಮತ್ತೆ ಆರಂಭಿಸಿದ್ದಾರೆ. ಮುದ್ದೆಯನ್ನಂತೂ ಅವರು ಎಂದೂ ಬಿಟ್ಟವರಲ್ಲ.