ಹುಟ್ಟು ಹಾಕಿದ ಕೈಗಳು

ಸ್ತನದ ಅರ್ಬುದರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆಯುವುದುಂಟು. ಆಗ ದುಗ್ಧರಸವು ಹರಿಯಲು ದಾರಿಗಾಣದೆ ತೋಳಿನಲ್ಲಿ ನಿಂತು ಬಾವು ಬರಬಹುದು. ಆದುದರಿಂದ ಅಂತಹ ಮಹಿಳೆಯರು ಭಾರವೆತ್ತಲಾಗದು, ತೋಳಿಗೆ ಶ್ರಮ ಕೊಡಲಾಗದು ಎಂಬುದೇ ಬಹುಕಾಲದ ವೈದ್ಯಮತವಾಗಿದ್ದಿತು. ಕೂಸನ್ನೆತ್ತಲೂ ಅಳುಕುವ ತಾಯಿಯ ಸಂಕಟವನ್ನು ವಾಚಕರೇ ಊಹಿಸಬಹುದು.

ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯರಾದ ಡಾನ್ ಮೆಕೆಂಜಿಯವರು 1996ರಲ್ಲಿ ಈ ಮತವನ್ನು ಪರೀಕ್ಷೆಗೊಡ್ಡಿದರು. ರೋಗದಿಂದ ಪಾರಾದ 24 ಮಹಿಳೆಯರನ್ನು ಕ್ರಮಕ್ರಮವಾಗಿ ಪಳಗಿಸಿ, ಚೀನೀಯರ ಡ್ರ್ಯಾಗನ್ ದೋಣಿಯಲ್ಲಿ ಕುಳ್ಳಿರಿಸಿದರು. (ಡ್ರ್ಯಾಗನ್ ಎಂಬುದನ್ನು ಸರ್ಪವೆಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ, ಅದಕ್ಕೆ ಕಾಲೂ ಉಂಟು, ಕೊಂಬೂ ಉಂಟು.) ಸಾಲಿಗಿಬ್ಬರಂತೆ ಇಪ್ಪತ್ತು ಮಂದಿ, ಮೂತಿಯಲ್ಲಿ ಕುಳಿತವರು ಬಾರಿಸುವ ನಗಾರಿಯ ಲಯಕ್ಕೆ ಒಂದೇ ಸಮನೆ ಹುಟ್ಟು ಹಾಕಬೇಕು, ಹಿಂದೆ ಚುಕ್ಕಾಣಿಗೊಬ್ಬರು. ಭುಜಕ್ಕೂ ತೋಳಿಗೂ ಬಿಡುವಿಲ್ಲ. ವೈದ್ಯರು ಬೇಡವೆಂದುದು ಇದನ್ನೇ ಅಲ್ಲವೆ! ಆದರೆ ಹೊಸದಾಗಿ ಒಬ್ಬರಿಗೂ ಬಾವು ಬರಲಿಲ್ಲ. ಮೊದಲೇ ಇದ್ದವರಿಗೆ ಅದು ಉಲ್ಬಣಿಸಲೂ ಇಲ್ಲ. 1998ರಲ್ಲಿ ಕೆನಡಾದ ವೈದ್ಯಸಂಘದ ಪತ್ರಿಕೆಯಲ್ಲಿ ಈ ವೃತ್ತಾಂತ ಅಚ್ಚಾಯಿತು. ಇಪ್ಪತ್ತನಾಲ್ವರಿಂದಲೇ ಸಿದ್ಧಾಂತ ಹೇಳುವುದು ದುಡುಕಾದೀತು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಭಾರವೆತ್ತುವ ವ್ಯಾಯಾಮದ ಅಧ್ಯಯನವೂ ಭಯವು ನಿರಾಧಾರವೆಂದೇ ತೋರಿಸಿತು.

ಒಂದು ದೋಣಿ ಹಲವು ದೇಶಗಳ ದೋಣಿಗಳಾದವು. ಒಂಟಾರಿಯೋ ಪ್ರಾಂತದ ಪೀಟರ್‌ಬರೋ ಊರಿನಲ್ಲಿ 2001ರಲ್ಲಿ ಆರಂಭವಾದ ಸ್ಪರ್ಧೆಯಲ್ಲಿ ತಂಡಗಳು ಎತ್ತಿದ ದೇಣಿಗೆಯು ಅಲ್ಲಿಯ ಆಸ್ಪತ್ರೆಯ ಸ್ತನರೋಗ ತಪಾಸಣೆಗೂ ಚಿಕಿತ್ಸೆಗೂ ಸಂದಿತು. ಇಂತಹ ಉತ್ಸವಗಳಲ್ಲಿ, ಪಾರಾದವರ ದೋಣಿಗಳು ಒಂದನ್ನೊಂದು ಒತ್ತಿ ನಿಲ್ಲುತ್ತವೆ. ತೀರಿಕೊಂಡ ಗೆಳತಿಯರನ್ನು ನೆನೆದು ನಸುಗೆಂಪು ಹೂಗಳನ್ನು ನೀರಿಗೆ ಬಿಡುತ್ತಾರೆ.