ಸೊಂಟದ ಕೀಲಿಗೆ ಬಂದ ಸ್ಟೀಲು

ಸ್ಟೇನ್‌ಲೆಸ್ ಸ್ಟೀಲನ್ನು ತುಕ್ಕಿನಿಂದ ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡಿನ ಪೊರೆ. ಅದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳು. ದೇಹದೊಳಗೆ ಇಡುವ 316ಎಲ್ ಸ್ಟೀಲಿನಲ್ಲಿ ಕ್ರೋಮಿಯಂ ಶೇ 17ರಿಂದ 19ರಷ್ಟಿದ್ದರೆ, ಇಂಗಾಲ ಶೇ 0.03ನ್ನು ಮೀರುವಂತಿಲ್ಲ. ಉಜ್ಜಿದಾಗ ಪೊರೆ ಹರಿಯುತ್ತದೆ, ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಪ್ರತಿ ಸಲವೂ ಒಂದು ಕಣದಷ್ಟು ಲೋಹ ಹೋಗುತ್ತದೆ. ಮುರಿದ ಮೂಳೆ ಜೋಡಿಸುವ ಪ್ಲೇಟು, ಸ್ಕ್ರೂಗಳಿಗೆ ಇದು ಸಣ್ಣ ನಷ್ಟ. ದಿನವಿಡೀ ತಿರುಗುವ ಕೀಲಿಗೆ ಹಾಗಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೀಲು ಸವೆಯುವುದೆಂದರೆ ಏನೆಂದು ವಿವರಿಸಬೇಕಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬೆಳಕಿಗೆ ಬಂದ ಕಾಯಿಲೆ ಮುಖ್ಯವಾಗಿ ಸೊಂಟದ ಕೀಲನ್ನೇ ಹಾಳುಮಾಡುತ್ತದೆ. ಗದ್ದೆಯ ಏಡಿಯ ಮೂಲಕ ಮೈಸೇರಿದ ಕೀಟನಾಶಕವೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ವಂಶಪಾರಂಪರ್ಯವಾಗಿ ಬರುವ ದೋಷವೆಂದು ನಂತರದ ಅಧ್ಯಯನಗಳು ತೋರಿಸಿದವು. ನರಳಿದವರಲ್ಲಿ ಹೆಚ್ಚಿನವರು ಬಡ ದಲಿತ ಕೂಲಿ ಕುಟುಂಬದವರು. ಕೆಸರಿನಲ್ಲಿ ಬಗ್ಗಿ ಸಸಿ ನೆಡಬೇಕಾದ ವಯಸ್ಸಿನಲ್ಲೇ ಕೋಲೂರಿ ಕುಂಟುವಂತಾಗುತ್ತದೆ. ಕೀಲು ತೀರಾ ಹಾಳಾದವರಿಗೆ ಉಳಿಯುವ ಶಸ್ತ್ರಚಿಕಿತ್ಸೆ ಕೃತಕ ಸೊಂಟದ ಜೋಡಣೆ.

ಆ ಕೃತಕ ಕೀಲಿಗೆ ಇಂದಿನ ರೂಪ ಕೊಟ್ಟವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ತೊಡೆಮೂಳೆಗೆ ಸ್ಟೀಲಿನ ಗುಂಡು, ಸೊಂಟದ ಮೂಳೆಗೆ ಟೆಫ್ಲಾನ್ ಬಟ್ಟಲು ಕೂರಿಸಿದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು ಪುಡಿಯಾಯಿತು, ಸುತ್ತಲಿನ ಅಂಗಾಂಶ ಕೆಟ್ಟಿತು. 1962ರಲ್ಲಿ ಅವರು ಗಟ್ಟಿ ಪಾಲಿಥೀನಿನ ಬಟ್ಟಲಿಗೆ ಬದಲಾದರು. ಗುಂಡು ಮಾತ್ರ ಸ್ಟೀಲಿನದೇ ಉಳಿಯಿತು, ಅಡ್ಡಳತೆ 22 ಮಿಲಿಮೀಟರಿಗೆ ತುಸು ಹೆಚ್ಚು. ಗುಂಡು ಚಿಕ್ಕದಾದಷ್ಟೂ ಉಜ್ಜುವ ದಾರಿ ಕಡಿಮೆ.

ಮನುಷ್ಯ ವರ್ಷಕ್ಕೆ ಒಂದು ಕಾಲಿನಲ್ಲೇ ಹತ್ತು ಲಕ್ಷದಷ್ಟು ಹೆಜ್ಜೆ ಹಾಕುತ್ತಾನೆ. ಪ್ರತಿ ಹೆಜ್ಜೆಯಲ್ಲೂ ಸೊಂಟದ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಈ ಬಗೆಯ ಸ್ಟೀಲು ಅಷ್ಟೇನೂ ಗಡಸಲ್ಲ. ಕೀಲನ್ನು ಮೂಳೆಗೆ ಕೂರಿಸುವ ಸಿಮೆಂಟಿನ ಒಂದು ಚೂರು ಸಿಕ್ಕಿಕೊಂಡರೂ ಗುಂಡಿನ ಮೇಲೆ ಗೀರು ಬೀಳುತ್ತದೆ. ಆ ಗೀರಿನ ಅಂಚು ಕಾಯಿತುರಿಯುವ ಹಲ್ಲಿನಂತೆ ಬಟ್ಟಲನ್ನು ತುರಿಯುತ್ತದೆ. ಕಣ್ಣಿಗೆ ಕಾಣದ ಆ ಪುಡಿಯನ್ನು ನುಂಗಿ ಕರಗಿಸಲಾರದ ಜೀವಕೋಶಗಳು ಕೆರಳಿದಾಗ ಸುತ್ತಲಿನ ಮೂಳೆ ಕರಗಿ, ಕೀಲು ಸಡಿಲವಾಗುತ್ತದೆ.

ಹೀಗಾಗಿ ಇಂದು ಗುಂಡುಗಳಿಗೆ ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂ ಅಥವಾ ಸೆರಾಮಿಕ್ ಬಳಕೆಯಲ್ಲಿದೆ. ಸ್ಟೀಲಿನ ಮೈಗೆ ಸಾರಜನಕ ಸೇರಿಸಿ ಗಡಸುಗೊಳಿಸುವ ದಾರಿಯೂ ಇದೆ. ಆದರೆ ಕಾವು ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕ್ರೋಮಿಯಂ ಸಾರಜನಕದ ಜೊತೆ ಕೂಡಿ, ತುಕ್ಕಿನಿಂದ ಕಾಯುವ ಪೊರೆಯೇ ದುರ್ಬಲವಾಗುತ್ತದೆ. ಸ್ಟೀಲು ಅಗ್ಗದ ಲೋಹ, ನಿಜ. ಆದರೆ ಮೂವತ್ತರ ಕೂಲಿಗಾರನಿಗೆ ಎರಡನೇ ಶಸ್ತ್ರಚಿಕಿತ್ಸೆ ತಪ್ಪಿಸುವ ಕೀಲೇ ಕೊನೆಗೆ ಅಗ್ಗ.

ಕೀಲು ಸಡಿಲವಾಗತೊಡಗಿದರೂ ಮೊದಮೊದಲು ನೋವು ಬಾರದೇ ಇರಬಹುದು. ಕೃತಕ ಸೊಂಟ ಇರುವವರು ನೋವಿಲ್ಲದಿದ್ದರೂ ವೈದ್ಯರು ಹೇಳಿದ ಗಡುವಿಗೆ ಎಕ್ಸ್-ರೇ ತೆಗೆಸಿಕೊಳ್ಳಬೇಕು.