ಗುಜರಿಗೆ ಹಾಕಬೇಡಿ! ಹಳೇ ವಾಲ್ವ್ ರೇಡಿಯೋದಲ್ಲಿ ಹ್ಯಾಮ್ ಕೇಳಬಹುದು

ರೇಡಿಯೋ ಅಂದ್ರೆ ಹಾಡು, ವಾರ್ತೆ ಕೇಳೋ ಪೆಟ್ಟಿಗೆ ಅಂತ ಮಾತ್ರ ನಮಗೆ ಗೊತ್ತು. ಆದರೆ ಕೆಲವರು ಮನೆಯಲ್ಲೇ ಕೂತು ರೇಡಿಯೋದಲ್ಲಿ ದೂರದ ಊರಿನವರ ಜೊತೆ ಮಾತಾಡುತ್ತಾರೆ. ಇದಕ್ಕೆ ಹವ್ಯಾಸಿ ರೇಡಿಯೋ ಅಥವಾ ಹ್ಯಾಮ್ ರೇಡಿಯೋ ಎನ್ನುತ್ತಾರೆ. ಮಾತಾಡಬೇಕಾದರೆ ಕೇಂದ್ರ ಸರ್ಕಾರದ ಪರವಾನಗಿ ಬೇಕು, ಅದಕ್ಕೆ ಪರೀಕ್ಷೆ ಪಾಸಾಗಬೇಕು.

ಇದು ಬರೀ ಆಟ ಅಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಅಂಡಮಾನ್‌ನಲ್ಲಿ ಟೆಲಿಫೋನುಗಳು ನಿಂತುಹೋದವು. ಆಗ ಪೋರ್ಟ್ ಬ್ಲೇರ್ ಎಂದು ಕರೆಯುತ್ತಿದ್ದ ಊರಿನಲ್ಲಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಮ್ಮ ಸೆಟ್ಟಿನಿಂದಲೇ ಸುದ್ದಿಯನ್ನು ಹೊರಗೆ ಮುಟ್ಟಿಸಿದರು.

ನಮ್ಮ ದೊಡ್ಡಪ್ಪನವರಿಗೆ ಪರವಾನಗಿ ಇದೆ. ಅವರ ಅಟ್ಟದ ಮೇಲೆ ಒಂದು ಹಳೇ ವಾಲ್ವ್ ರೇಡಿಯೋ ಇತ್ತು. ಗುಜರಿಯವನು ಬಂದು, ಒಳಗಿನ ತಾಮ್ರದ ಆಸೆಗೆ, ಕೆ.ಜಿ. ಲೆಕ್ಕದಲ್ಲಿ ಕೇಳಿದ. ದೊಡ್ಡಪ್ಪ ಕೊಡಲಿಲ್ಲ. ಬೇಸಿಗೆ ರಜೆಯಲ್ಲಿ ಅದನ್ನು ಬಿಚ್ಚಿ ರಿಪೇರಿ ಮಾಡಿದರು. ನಾನು ಪಕ್ಕದಲ್ಲಿ ಕೂತು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1) ಮೊದಲು ಎಚ್ಚರಿಕೆ: ವಾಲ್ವ್ ಎಂದರೆ ಗಾಜಿನ ಬುರುಡೆ. ಅದರೊಳಗಿನ ತಂತಿ ಕಾದು ಕೆಂಪಗೆ ಉರಿಯುತ್ತದೆ. ಅದಕ್ಕೆ ಸುಮಾರು 6 ವೋಲ್ಟ್ ಸಾಕು. ಆದರೆ ವಾಲ್ವಿನ ಪ್ಲೇಟಿಗೆ ಸುಮಾರು 250 ವೋಲ್ಟ್ ಬೇಕು! ಈ ವಿದ್ಯುತ್ತು ಕೆಪಾಸಿಟರ್‌ನಲ್ಲಿ ತುಂಬಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಮುಟ್ಟಿದರೆ ಜೀವಕ್ಕೇ ಅಪಾಯ. ದೊಡ್ಡಪ್ಪ ರೆಸಿಸ್ಟರ್ ಹಿಡಿದು ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕುತ್ತಾರೆ. ನಾವು ಮಕ್ಕಳು ಹಿಂದಿನ ಮುಚ್ಚಳವನ್ನು ಒಬ್ಬರೇ ತೆಗೆಯಲೇಬಾರದು.

2) ಸೀರೀಸ್ ಬಲ್ಬ್: ಎಷ್ಟೋ ವರ್ಷ ಸುಮ್ಮನಿದ್ದ ಸೆಟ್ಟನ್ನು ನೇರ ಕರೆಂಟಿಗೆ ಹಾಕಬಾರದು. ಕೆಪಾಸಿಟರುಗಳು ಹಾಳಾಗಿ ಶಾರ್ಟ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅದಕ್ಕೆ ಕರೆಂಟು ಬರುವ ದಾರಿಯಲ್ಲಿ 60 ವ್ಯಾಟ್ ಬಲ್ಬ್ ಸೇರಿಸುತ್ತಾರೆ. ಎಲ್‌ಇಡಿ ಬಲ್ಬ್ ಆಗೋದಿಲ್ಲ, ಹಳೇ ತಂತಿ ಬಲ್ಬೇ ಬೇಕು. ಬಲ್ಬ್ ಜೋರಾಗಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ. ಒಮ್ಮೆ ಬೆಳಗಿ ಮಂಕಾದರೆ ಸದ್ಯಕ್ಕೆ ಗಾಬರಿ ಇಲ್ಲ. ನಮ್ಮ ಸೆಟ್ಟಿನಲ್ಲಿ ಮೊದಲ ಸಲ ಜೋರಾಗಿಯೇ ಉರಿಯಿತು! ದೊಡ್ಡ ಫಿಲ್ಟರ್ ಕೆಪಾಸಿಟರ್ ಬದಲಿಸಿದ ಮೇಲೆ ಮಂಕಾಯಿತು.

3) ಬದಲಿಸುವುದು, ತೊಳೆಯುವುದು: ಹಳೇ ಕಾಗದದ ಕೆಪಾಸಿಟರುಗಳು ಸೋರುತ್ತವೆ. ಅಷ್ಟೇ ಬೆಲೆಯ, ಅಂದ್ರೆ ಅಷ್ಟೇ ಮೈಕ್ರೋಫ್ಯಾರಡ್‌ನ, ಹೆಚ್ಚು ವೋಲ್ಟ್ ತಡೆಯುವ ಹೊಸದನ್ನು ಬೆಸುಗೆ ಹಾಕಿದರು. ಬ್ಯಾಂಡ್ ಸ್ವಿಚ್ಚಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಬ್ರಷ್‌ನಿಂದ ಧೂಳು ತೆಗೆಯುವ ಕೆಲಸ ನನ್ನದು.

4) ಬಾತುಕೋಳಿ ದನಿ: ರೇಡಿಯೋ ಹಾಡಿತು. ಆದರೆ 41 ಮೀಟರ್ ಎಂದು ಬರೆದ ಜಾಗದ ಪಕ್ಕಕ್ಕೆ ಮುಳ್ಳು ತಿರುಗಿಸಿದರೆ ಬರೀ ‘ಕ್ವಾಕ್ ಕ್ವಾಕ್’. ಅದೇ ಹ್ಯಾಮ್ ಜನರ ಮಾತು! ಶಕ್ತಿ ಉಳಿಸಲು ಅವರು ದನಿಯನ್ನು ಹೊತ್ತು ತರುವ ವಾಹಕ ಅಲೆಯನ್ನು ತೆಗೆದುಹಾಕಿ ಕಳಿಸುತ್ತಾರೆ. ಅದನ್ನು ನಮ್ಮ ಕಡೆ ಮತ್ತೆ ಸೇರಿಸಬೇಕು. ದೊಡ್ಡಪ್ಪ ಒಂದು ಟ್ರಾನ್ಸಿಸ್ಟರ್, ಒಂದು ಹಳೇ ಕಾಯಿಲ್, 9 ವೋಲ್ಟ್ ಬ್ಯಾಟರಿ ಸೇರಿಸಿ 455 ಕಿಲೋಹರ್ಟ್ಸ್ ಅಲೆ ಹುಟ್ಟಿಸುವ ಪುಟ್ಟ ಪೆಟ್ಟಿಗೆ ಮಾಡಿದರು. ಅದರ ತಂತಿಯನ್ನು ಸೆಟ್ಟಿನ ಹತ್ತಿರ ಇಟ್ಟು ಕಾಯಿಲಿನ ತಿರುಪು ಮೆಲ್ಲಗೆ ತಿರುಗಿಸಿದರು. ಬಾತುಕೋಳಿ ಮನುಷ್ಯನಾಯಿತು! ಯಾರೋ ತಮ್ಮ ಊರಿನ ಮಳೆ ವಿಷಯ ಹೇಳುತ್ತಿದ್ದರು.

5) ಏರಿಯಲ್ ಲೆಕ್ಕ: ಇದು ನಮ್ಮ ಗಣಿತವೇ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. 300 ÷ 7.1 = ಸುಮಾರು 42. ಅದರ ಅರ್ಧ 21. ತಂತಿಯಲ್ಲಿ ಸ್ವಲ್ಪ ಕಡಿಮೆ ಸಾಕು, 20 ಮೀಟರ್. ನಡುವೆ ಕತ್ತರಿಸಿ 10 ಮೀಟರಿನ ಎರಡು ತುಂಡು ಮಾಡಿ ಎರಡು ತೆಂಗಿನ ಮರಗಳಿಗೆ ಕಟ್ಟಿದೆವು. ಕರೆಂಟ್ ಲೈನಿನಿಂದ ದೂರ ಇರಬೇಕು. ಗುಡುಗು ಬರುವ ಮುಂಚೆಯೇ ಏರಿಯಲ್ ಕಳಚಿ ಹೊರಗೆ ಹಾಕಬೇಕು.

ಇಷ್ಟೆಲ್ಲ ಯಾಕೆ, ಮೊಬೈಲ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಟವರ್ ಬಿದ್ದರೆ ಮೊಬೈಲ್ ಸುಮ್ಮನಾಗುತ್ತದೆ. ಹ್ಯಾಮ್ ಸೆಟ್ಟಿಗೆ ಒಂದು ಬ್ಯಾಟರಿ, ಒಂದು ತಂತಿ ಸಾಕು. ಅಲ್ಲದೆ ಹಳೇ ಸೆಟ್ಟಿನಲ್ಲಿ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತದೆ, ಕಲಿಯಲು ಸುಲಭ. ನಿಮ್ಮ ಅಜ್ಜನ ಮನೆ ಅಟ್ಟದಲ್ಲಿ ಅಂಥ ರೇಡಿಯೋ ಇದ್ದರೆ ಗುಜರಿಗೆ ಕೊಡುವ ಮುಂಚೆ ನನಗೆ ಹೇಳಿ. ದೊಡ್ಡಪ್ಪ ನೋಡುತ್ತಾರೆ. ಧೂಳು ನಾನು ತೆಗೆಯುತ್ತೇನೆ.